ಕಾವೇರಿಯ ನೀರು, ಗವರ್ನರ್‌ನ ತಾಳ್ಮೆ

ಮಳೆಗಾಲ ಬಲಿತು ಕಾವೇರಿ ಮೈದುಂಬಿಕೊಂಡಿತೆಂದರೆ ದುಬಾರೆಯಲ್ಲಿ ರ‍್ಯಾಫ್ಟಿಂಗ್ ಶುರು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಆನೆ ಶಿಬಿರಕ್ಕೆ ದಾಟುವ ಜಾಗದಲ್ಲಿ ಆಗ ಕೆಂಪು ನೀರು ನುಗ್ಗುತ್ತಿರುತ್ತದೆ. ಲೈಫ್ ಜಾಕೆಟ್ ಬಿಗಿದುಕೊಂಡು ರಬ್ಬರ್ ದೋಣಿ ಹತ್ತಿದ ಹೊಸಬರ ಕೈಗೆ ಹುಟ್ಟು ಕೊಟ್ಟು ಸುಮ್ಮನೆ ನೋಡಬೇಕು. ದೋಣಿಯ ಮೂತಿ ಎಡಕ್ಕೆ ಸರಿದದ್ದು ಕಣ್ಣಿಗೆ ಬಿದ್ದ ಮೇಲೆ ಬಲಕ್ಕೆ ತಿರುಗಿಸಲು ಹುಟ್ಟು ಹಾಕುತ್ತಾರೆ. ದೋಣಿ ಕೂಡಲೇ ಜಗ್ಗುವುದಿಲ್ಲ. ಇನ್ನೂ ಜೋರಾಗಿ ಹಾಕುತ್ತಾರೆ. ಕೊನೆಗೂ ತಿರುಗಲು ಶುರುವಾದ ದೋಣಿ ನೇರವಾದಾಗ ನಿಲ್ಲದೆ ಬಲಕ್ಕೆ ಹಾದುಹೋಗುತ್ತದೆ. ಆಮೇಲೆ ಎಡಕ್ಕೆ ಅದೇ ಗಲಾಟೆ. ಹೊಳೆ ನೇರವಾಗಿ ಹರಿಯುತ್ತಿದ್ದರೂ ದೋಣಿ ಮಾತ್ರ ಹಾವಿನ ಹಾದಿ ಹಿಡಿಯುತ್ತದೆ.

ಹಿಂದೆ ಕೂತ ಗೈಡ್‌ನ ಲೆಕ್ಕವೇ ಬೇರೆ. ದೋಣಿ ಎಷ್ಟು ಸರಿದಿದೆ ಎಂಬುದರ ಜೊತೆಗೆ ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನೂ ಅವರು ಗಮನಿಸುತ್ತಾರೆ. ನೇರಕ್ಕೆ ಬರುವ ಮುನ್ನವೇ ಎದುರು ಹುಟ್ಟು ಹಾಕಿ ಅದರ ಓಟ ಮುರಿಯುತ್ತಾರೆ. ದೋಣಿ ಅದೇ, ನೀರು ಅದೇ, ತೋಳ್ಬಲವೂ ಹೆಚ್ಚುಕಡಿಮೆ ಅಷ್ಟೇ. ಬೇರೆಯಾದದ್ದು ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಎಂಬುದು ಮಾತ್ರ.

ತಪ್ಪನ್ನು ಅಳೆದು, ಅಳೆದದ್ದನ್ನೇ ಹಿಂದಕ್ಕೆ ಕೊಟ್ಟು, ತಪ್ಪನ್ನು ತಿದ್ದುವ ವ್ಯವಸ್ಥೆಗೆ ಫೀಡ್‌ಬ್ಯಾಕ್ ಕಂಟ್ರೋಲ್ ಎನ್ನುತ್ತಾರೆ. ಆ ತಿದ್ದುಪಡಿಯ ಹೊತ್ತನ್ನೂ ಗಾತ್ರವನ್ನೂ ಹದಗೊಳಿಸಲು ನಡುವೆ ಸೇರಿಸುವ ಅಂಗಕ್ಕೆ ಕಾಂಪೆನ್ಸೇಟರ್ ಎಂದು ಹೆಸರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದು ಲಾಗ್ ಹಾಳೆಯ ಮೇಲೆ ಗೆರೆ ಎಳೆಯುವ ಬೇಸರದ ಪಾಠ. ಪರೀಕ್ಷೆ ಮುಗಿದ ಮರುದಿನ ಬಹುತೇಕರು ಮರೆಯುತ್ತಾರೆ. ಆದರೆ ದುಬಾರೆಯ ದೋಣಿಗಳನ್ನು ದಾಟಿ ಹೋದ ನೀರನ್ನು ಇನ್ನೂರು ಕಿಲೋಮೀಟರಿನ ಆಸುಪಾಸು ಹಿಂಬಾಲಿಸಿದರೆ ಆ ಗೆರೆಗಳಿಗೆ ಜೀವ ಬರುವ ಜಾಗ ಸಿಗುತ್ತದೆ.

ಕಾವೇರಿ ಕುಶಾಲನಗರದ ಪಕ್ಕ ಹಾದು, ಕೂಡಿಗೆಯಲ್ಲಿ ಹಾರಂಗಿಯನ್ನು ಜೊತೆಗೂಡಿಸಿಕೊಂಡು, ರಾಮನಾಥಪುರ, ಚುಂಚನಕಟ್ಟೆ, ಕೃಷ್ಣರಾಜಸಾಗರ, ಶ್ರೀರಂಗಪಟ್ಟಣ, ತಿರುಮಕೂಡಲು, ತಲಕಾಡು ಕಳೆದು ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರ ಜೂನ್ 30ರಂದು ಅಲ್ಲಿನ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಅಷ್ಟು ಉದ್ದದ ತಂತಿ ಆಗ ಜಗತ್ತಿನಲ್ಲೇ ಅಪರೂಪ. ಯೋಜನೆಯನ್ನು ಮುನ್ನಡೆಸಿದ ಎಂಜಿನಿಯರ್ ಎ.ಸಿ. ಜೋಲಿ ಡಿ ಲಾಟ್ಬಿನಿಯರ್. ಟರ್ಬೈನ್‌ಗಳು ಸ್ವಿಟ್ಜರ್‌ಲೆಂಡಿನ ಎಶರ್ ವೈಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಇದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಈಗ ವಿದ್ಯುದಾಗಾರಕ್ಕೆ ಅವರ ಹೆಸರಿದೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಇದೇ ನೀರಿನಿಂದ.

ಈ ಕಥೆಯನ್ನು ಕನ್ನಡದಲ್ಲಿ ಎಷ್ಟೋ ಸಲ ಹೇಳಿಯಾಗಿದೆ. ಹೇಳದೆ ಬಿಟ್ಟದ್ದು ಒಂದಿದೆ. ಗಣಿಯಲ್ಲಿ ದೊಡ್ಡ ಮೋಟರೊಂದು ಚಾಲೂ ಆದ ಕ್ಷಣ ಶಿವನಸಮುದ್ರದ ಯಂತ್ರದ ವೇಗ ಇಳಿಯುತ್ತದೆ. ಮೋಟರು ನಿಂತರೆ ಏರುತ್ತದೆ. ತಿರುಗುವ ವೇಗವೇ ವಿದ್ಯುತ್ತಿನ ಫ್ರೀಕ್ವೆನ್ಸಿ. ಅದನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವವರು ಯಾರು? ಟರ್ಬೈನಿನ ಪಕ್ಕ ಕೂತ ಗವರ್ನರ್ ಎಂಬ ಯಂತ್ರ. ವೇಗ ಇಳಿದರೆ ನೀರಿನ ಬಾಗಿಲು ತೆರೆಯುವುದು, ಏರಿದರೆ ಮುಚ್ಚುವುದು, ಕೆಲಸ ಇಷ್ಟೇ. ಕೇಳಲು ಸುಲಭ. ನೀರು ಮಾತ್ರ ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ.

ಲೆಕ್ಕಕ್ಕೆ ಒಂದು ಪೆನ್‌ಸ್ಟಾಕ್ ಇಟ್ಟುಕೊಳ್ಳೋಣ. ಎರಡು ಮೀಟರ್ ವ್ಯಾಸ, 300 ಮೀಟರ್ ಉದ್ದದ ಉಕ್ಕಿನ ಕೊಳವೆ. ಅದರೊಳಗೆ ಸುಮಾರು 940 ಟನ್ ನೀರು ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಇಳಿಯುತ್ತಿದೆ. ಕೆಳಗೆ ಬಾಗಿಲನ್ನು ಥಟ್ಟನೆ ಇನ್ನಷ್ಟು ತೆರೆದರೆ ಈ 940 ಟನ್ ಆ ಕ್ಷಣಕ್ಕೇ ವೇಗ ಹೆಚ್ಚಿಸಿಕೊಳ್ಳಲಾರದು. ಬಾಗಿಲು ದೊಡ್ಡದಾಯಿತು, ಬರುವ ನೀರು ಮೊದಲಿನಷ್ಟೇ. ಹಾಗಾಗಿ ಟರ್ಬೈನಿನ ಬಾಯಲ್ಲಿ ಒತ್ತಡ ಕುಸಿಯುತ್ತದೆ. ಶಕ್ತಿ ಹೆಚ್ಚಲೆಂದು ಬಾಗಿಲು ತೆರೆದರೆ ಮೊದಲು ಶಕ್ತಿ ಕಡಿಮೆಯಾಗುತ್ತದೆ! ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದ ಆದರ್ಶ ಟರ್ಬೈನಿನಲ್ಲಿ ಬಾಗಿಲನ್ನು ಒಮ್ಮೆಲೇ ಶೇ 10ರಷ್ಟು ತೆರೆದರೆ ಶಕ್ತಿ ಮೊದಲು ಶೇ 20ರಷ್ಟು ಇಳಿದು, ಆಮೇಲೆ ಏರುತ್ತಾ ಬಂದು, ಕೊನೆಗೆ ಶೇ 10 ಹೆಚ್ಚಾಗಿ ನಿಲ್ಲುತ್ತದೆ. ಮುಚ್ಚುವಾಗ ಇದರ ತಿರುವುಮುರುವು. ಯಂತ್ರ ಅತಿವೇಗಕ್ಕೆ ಹೋಯಿತೆಂದು ಬಾಗಿಲು ಮುಚ್ಚಿದರೆ ಅದು ಇನ್ನೊಂದು ಚೂರು ಜೋರಾಗಿಯೇ ಓಡುತ್ತದೆ.

ಈ ಹಟಮಾರಿತನಕ್ಕೆ ಎಂಜಿನಿಯರರು ಒಂದು ಅಳತೆ ಕೊಟ್ಟಿದ್ದಾರೆ, ವಾಟರ್ ಸ್ಟಾರ್ಟಿಂಗ್ ಟೈಮ್. ಕೊಳವೆಯ ಉದ್ದವನ್ನು ನೀರಿನ ವೇಗದಿಂದ ಗುಣಿಸಿ, ಬೀಳುವ ಎತ್ತರ ಮತ್ತು ಗುರುತ್ವಾಕರ್ಷಣೆಯ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ನಮ್ಮ ಕೊಳವೆಯ ಎತ್ತರ 120 ಮೀಟರ್ ಎಂದರೆ ಉತ್ತರ ಸರಿಸುಮಾರು ಒಂದು ಸೆಕೆಂಡು. ಜಲವಿದ್ಯುತ್ ಕೇಂದ್ರಗಳಲ್ಲಿ ಇದು ಸಾಮಾನ್ಯವಾಗಿ ಅರ್ಧ ಸೆಕೆಂಡಿನಿಂದ ನಾಲ್ಕು ಸೆಕೆಂಡಿನವರೆಗೆ ಇರುತ್ತದೆ. ಒಂದು ಸೆಕೆಂಡು ಎಂದರೆ ಅಲಕ್ಷ್ಯ ಮಾಡುವಷ್ಟು ಚಿಕ್ಕದಲ್ಲವೇ ಎನಿಸಬಹುದು. ಅಲ್ಲ.

ಅಲ್ಲ ಎಂದು ತೋರಿಸುವ ವಿಧಾನಕ್ಕೇ ಫ್ರೀಕ್ವೆನ್ಸಿ ರೆಸ್ಪಾನ್ಸ್ ಎನ್ನುವುದು. ಉಪಾಯ ಸರಳವಾಗಿದೆ. ಫೀಡ್‌ಬ್ಯಾಕ್ ಸರಪಳಿಯನ್ನು ಒಂದು ಕಡೆ ಬಿಚ್ಚಿ, ಆ ತುದಿಯಿಂದ ಮೆಲ್ಲಗೆ ಏರಿಳಿಯುವ ಒಂದು ಸಂಕೇತವನ್ನು ಒಳಗೆ ಬಿಡಿ. ಸುತ್ತು ಮುಗಿಸಿ ಇನ್ನೊಂದು ತುದಿಗೆ ಬಂದದ್ದನ್ನು ನೋಡಿ. ಎರಡೇ ಎರಡು ಸಂಗತಿ ಬರೆದುಕೊಳ್ಳಿ: ಏರಿಳಿತ ಎಷ್ಟು ಪಟ್ಟು ಹಿಗ್ಗಿತು ಅಥವಾ ಕುಗ್ಗಿತು, ಅದು ಗೇನ್, ಎಷ್ಟು ತಡವಾಗಿ ಬಂತು, ಅದು ಫೇಸ್. ಒಂದು ಪೂರ್ತಿ ಏರಿಳಿತವನ್ನು 360 ಡಿಗ್ರಿ ಎಂದಿಟ್ಟುಕೊಂಡು ತಡವನ್ನು ಡಿಗ್ರಿಯಲ್ಲಿ ಹೇಳುವುದು ವಾಡಿಕೆ. ನಿಮಿಷಕ್ಕೊಂದು ಏರಿಳಿತದಿಂದ ಶುರುಮಾಡಿ ಸೆಕೆಂಡಿಗೆ ಹತ್ತರವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿದರೆ ಎರಡು ಗೆರೆಗಳು ಸಿಗುತ್ತವೆ. ಇವು ಗ್ರಿಡ್‌ನ 50 ಹರ್ಟ್ಸ್ ಅಲ್ಲ; ಆ 50 ಎಷ್ಟು ಬೇಗ ಮೇಲೆ ಕೆಳಗೆ ಆಡುತ್ತಿದೆ ಎಂಬುದರ ಲೆಕ್ಕ.

ಅಪಾಯ ಎಲ್ಲಿದೆ ಎಂಬುದು ಈ ಗೆರೆಗಳಲ್ಲೇ ಕಾಣುತ್ತದೆ. 180 ಡಿಗ್ರಿ ತಡವಾಗಿ ಬಂದ ತಿದ್ದುಪಡಿ ತಿದ್ದುಪಡಿಯಾಗಿ ಉಳಿಯುವುದಿಲ್ಲ. ಮೇಲಕ್ಕೆ ತಳ್ಳಬೇಕಾದ ಹೊತ್ತಿಗೆ ಕೆಳಕ್ಕೆ ತಳ್ಳುತ್ತದೆ, ತಪ್ಪಿಗೆ ತಾನೇ ಇಂಬು ಕೊಡುತ್ತದೆ. ಆ ಹೊತ್ತಿನಲ್ಲಿ ಗೇನ್ ಒಂದಕ್ಕಿಂತ ಕಡಿಮೆ ಇದ್ದರೆ ಪ್ರತಿ ಸುತ್ತಿನಲ್ಲೂ ಅಲುಗಾಟ ಸಣ್ಣದಾಗುತ್ತಾ ಹೋಗಿ ಬಚಾವ್. ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿ ಸುತ್ತಿನಲ್ಲೂ ಬೆಳೆಯುತ್ತದೆ. ಗೇನ್ ಒಂದಕ್ಕೆ ಮುಟ್ಟಲು ಇನ್ನೆಷ್ಟು ಪಟ್ಟು ಬಾಕಿ ಇದೆ ಎಂಬುದಕ್ಕೆ ಗೇನ್ ಮಾರ್ಜಿನ್, ಗೇನ್ ಒಂದಾದಾಗ 180 ಡಿಗ್ರಿಗೆ ಇನ್ನೆಷ್ಟು ಬಾಕಿ ಇದೆ ಎಂಬುದಕ್ಕೆ ಫೇಸ್ ಮಾರ್ಜಿನ್.

ಗಮನಿಸಬೇಕಾದ್ದು ಈ ತಿಳಿವಳಿಕೆ ಬಂದ ಕಾಲ. ಗವರ್ನರ್‌ಗಳ ಬಗ್ಗೆ ಮ್ಯಾಕ್ಸ್‌ವೆಲ್ 1868ರಲ್ಲೇ ಪ್ರಬಂಧ ಬರೆದಿದ್ದರು. ಆದರೆ ಅವರ ದಾರಿ ಸಮೀಕರಣದ ದಾರಿ. ಹೊಸ ಅಂಗ ಸೇರಿಸಿದಾಗಲೆಲ್ಲ ಮೊದಲಿನಿಂದ ಬಿಡಿಸಬೇಕಿತ್ತು. ಅಳೆದೇ ತೀರ್ಪು ಹೇಳಬಲ್ಲ ವಿಧಾನ ಬಂದದ್ದು ಟೆಲಿಫೋನ್ ಜಗತ್ತಿನಿಂದ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್‌ನಲ್ಲಿ ಕೆಲಸಕ್ಕೆ ಹೋಗುವ ಫೆರಿ ದೋಣಿಯಲ್ಲಿ ಕೂತು ಫೀಡ್‌ಬ್ಯಾಕ್ ಆಂಪ್ಲಿಫೈಯರನ್ನು ದಿನಪತ್ರಿಕೆಯ ಖಾಲಿ ಜಾಗದಲ್ಲಿ ಗೀಚಿಕೊಂಡರು. ಅದು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಕಿರುಚುತ್ತದೆ ಎಂಬುದಕ್ಕೆ ಅಲ್ಲಿನವರೇ ಆದ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ನಿಯಮ ಕೊಟ್ಟರು. ಹೆಂಡ್ರಿಕ್ ಬೋಡೆ 1940ರ ಹೊತ್ತಿಗೆ ಅದನ್ನು ಕೈಯಲ್ಲಿ ಎಳೆಯಬಹುದಾದ ಗೆರೆಗಳಿಗೆ ಇಳಿಸಿದರು. ಬೋಡೆ ನಕ್ಷೆ ಎಂದು ವಿದ್ಯಾರ್ಥಿಗಳು ಬೈದುಕೊಳ್ಳುವುದು ಇದನ್ನೇ. ಶಿವನಸಮುದ್ರದ ಯಂತ್ರಗಳು ತಿರುಗತೊಡಗಿ ಆಗಲೇ ಮೂವತ್ತೆಂಟು ವರ್ಷ ಕಳೆದಿತ್ತು.

ಈಗ ನಮ್ಮ 300 ಮೀಟರ್ ಕೊಳವೆಗೆ ಬೋಡೆ ನಕ್ಷೆ ಎಳೆಯಬಹುದು. ಗವರ್ನರ್‌ಗೆ ಶೇ 5ರ ಡ್ರೂಪ್ ಎಂದಿಟ್ಟುಕೊಳ್ಳೋಣ. ಅಂದರೆ ವೇಗ ಶೇ 5 ಇಳಿದರೆ ಬಾಗಿಲು ಪೂರ್ತಿ ತೆರೆಯುತ್ತದೆ, ಗೇನ್ 20. ತಿರುಗುವ ಯಂತ್ರದ ಜಡತ್ವವನ್ನು ಸೂಚಿಸುವ ಕಾಲ 10 ಸೆಕೆಂಡು. ಯಂತ್ರ ಒಂಟಿಯಾಗಿ ಒಂದು ಊರಿಗೆ ಕರೆಂಟು ಕೊಡುತ್ತಿದೆ. ಜಡತ್ವದಿಂದಲೇ 90 ಡಿಗ್ರಿ ತಡ. ನೀರಿನ ಹಟಮಾರಿತನದಿಂದ ಇನ್ನೊಂದು 90 ಡಿಗ್ರಿ ಸೇರುವುದು ಸುಮಾರು ನಾಲ್ಕೂವರೆ ಸೆಕೆಂಡಿಗೊಮ್ಮೆ ಆಗುವ ಏರಿಳಿತದಲ್ಲಿ. ಅಲ್ಲಿ ಗೇನ್ ಲೆಕ್ಕ ಹಾಕಿದರೆ ಸರಿಯಾಗಿ ಎರಡು. ಪ್ರತಿ ಸುತ್ತಿನಲ್ಲೂ ತಪ್ಪು ದೊಡ್ಡದಾಗುತ್ತಲೇ ಹೋಗುತ್ತದೆ ಎಂದಾಯಿತು. ವೇಗ ಏರುತ್ತದೆ, ಇಳಿಯುತ್ತದೆ, ಮತ್ತಷ್ಟು ಏರುತ್ತದೆ. ಬಾಗಿಲು ಒಮ್ಮೆ ಪೂರ್ತಿ ತೆರೆದು ಒಮ್ಮೆ ಪೂರ್ತಿ ಮುಚ್ಚಿ ಒದ್ದಾಡುತ್ತದೆ. ಪವರ್‌ಹೌಸ್‌ನವರ ಬಾಯಲ್ಲಿ ಇದು ಹಂಟಿಂಗ್.

ಗವರ್ನರನ್ನೇ ಮಂದ ಮಾಡಿಬಿಟ್ಟರೆ? ಡ್ರೂಪನ್ನು ಶೇ 40ಕ್ಕೆ ಏರಿಸಿದರೆ ಗೇನ್ ಎರಡೂವರೆಗೆ ಇಳಿದು ಹಂಟಿಂಗ್ ನಿಲ್ಲುತ್ತದೆ. ಆದರೆ ಲೋಡ್ ಸ್ವಲ್ಪ ಹೆಚ್ಚಾದರೂ ವೇಗ ಭಾರಿ ಕುಸಿದು ಅಲ್ಲೇ ಉಳಿಯುತ್ತದೆ. ಬೇಕಾದದ್ದು ಅವಸರದ ಏರಿಳಿತಕ್ಕೆ ಮಂದವಾಗಿ, ನಿಧಾನದ ಬದಲಾವಣೆಗೆ ಚುರುಕಾಗಿ ನಡೆದುಕೊಳ್ಳುವ ಗವರ್ನರ್. ಒಂದೇ ಯಂತ್ರಕ್ಕೆ ಎರಡು ಸ್ವಭಾವ.

ಅದನ್ನು ಕೊಟ್ಟದ್ದು ಡ್ಯಾಶ್‌ಪಾಟ್. ಬೋಡೆಯ ಗೆರೆಗಳು ಬರುವುದಕ್ಕೆ ಮೊದಲೇ ಮೆಕ್ಯಾನಿಕ್‌ಗಳು ಕಂಡುಕೊಂಡಿದ್ದ ಉಪಕರಣ ಇದು. ಅಂಗೈಯಗಲದ ಒಂದು ಸಿಲಿಂಡರ್, ಒಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್, ಮೇಲೆ ಕೆಳಗಿನ ಎಣ್ಣೆಯನ್ನು ಜೋಡಿಸುವ ಸಣ್ಣ ದಾರಿ, ಆ ದಾರಿಗೆ ಅಡ್ಡ ಒಂದು ಸೂಜಿ ಸ್ಕ್ರೂ. ಬಾಗಿಲು ನೂಕುವ ಸರ್ವೋಮೋಟರ್ ಥಟ್ಟನೆ ಚಲಿಸಿದರೆ ಎಣ್ಣೆಗೆ ಆ ಕಿಂಡಿಯಲ್ಲಿ ನುಸುಳಲು ಪುರುಸೊತ್ತಿಲ್ಲ. ಪಿಸ್ಟನ್ನು ಸಿಲಿಂಡರು ಒಂದೇ ತುಂಡಾಗಿ ಸರಿದು, ವೇಗ ಅಳೆಯುವ ಸನ್ನೆಗೋಲಿಗೆ ಎದುರಾಗಿ ಒತ್ತಿ ‘ಸಾಕು, ನಿಲ್ಲು’ ಎನ್ನುತ್ತವೆ. ಆಮೇಲೆ ಸ್ಪ್ರಿಂಗಿನ ಒತ್ತಡಕ್ಕೆ ಎಣ್ಣೆ ಮೆಲ್ಲಗೆ ನುಸುಳುತ್ತದೆ, ಆ ಎದುರೊತ್ತು ಕರಗುತ್ತದೆ, ಬಾಗಿಲು ಇನ್ನಷ್ಟು ತೆರೆದುಕೊಳ್ಳುತ್ತದೆ. ಇದಕ್ಕೆ ತಾತ್ಕಾಲಿಕ ಡ್ರೂಪ್ ಎಂದು ಹೆಸರು. ಎಷ್ಟು ಹೊತ್ತಿನಲ್ಲಿ ಕರಗಬೇಕು ಎಂಬುದು ಸೂಜಿ ಸ್ಕ್ರೂವಿನ ತಿರುಪಿನಲ್ಲಿದೆ. ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ಅದೇ ತಿರುಪಿನಲ್ಲಿ ಗವರ್ನರ್ ಇನ್ನೂ ನಿಧಾನ. ಹಳೆಯ ಪವರ್‌ಹೌಸ್‌ಗಳಲ್ಲಿ ಯಾವ ಎಣ್ಣೆ ಹಾಕಬೇಕು ಎಂಬುದೂ ಕಂಟ್ರೋಲ್ ಸಿದ್ಧಾಂತದ ಪ್ರಶ್ನೆಯೇ ಆಗಿತ್ತು.

ಬೋಡೆ ನಕ್ಷೆಯ ಭಾಷೆಯಲ್ಲಿ ಡ್ಯಾಶ್‌ಪಾಟ್ ಒಂದು ಲ್ಯಾಗ್ ಕಾಂಪೆನ್ಸೇಟರ್. ತಾತ್ಕಾಲಿಕ ಡ್ರೂಪ್ ಶೇ 40, ಕರಗುವ ಕಾಲ 5 ಸೆಕೆಂಡು ಎಂದು ಕೊಟ್ಟು ಮೊದಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ ಚಿತ್ರ ಬದಲಾಗುತ್ತದೆ. ಗೇನ್ ಒಂದಕ್ಕೆ ಇಳಿಯುವುದು ಈಗ ಸುಮಾರು 20 ಸೆಕೆಂಡಿಗೊಮ್ಮೆ ಆಗುವ ಏರಿಳಿತದಲ್ಲೇ. ಅಲ್ಲಿ ತಡ 144 ಡಿಗ್ರಿ, ಫೇಸ್ ಮಾರ್ಜಿನ್ 36. ತಡ 180 ಮುಟ್ಟುವ ಜಾಗದಲ್ಲಿ ಗೇನ್ ಎರಡು ಇದ್ದದ್ದು 0.28ಕ್ಕೆ ಬಂದಿದೆ, ಅಂದರೆ ಮೂರೂವರೆ ಪಟ್ಟಿಗಿಂತ ಹೆಚ್ಚಿನ ಮಾರ್ಜಿನ್. ಅಷ್ಟಾದರೂ ನಿಧಾನದ ಬದಲಾವಣೆಗೆ ಗೇನ್ 20 ಹಾಗೆಯೇ ಉಳಿದಿದೆ. ಲ್ಯಾಗ್ ಕಾಂಪೆನ್ಸೇಟರ್ ತಾನೂ ಒಂದಿಷ್ಟು ತಡ ಸೇರಿಸುತ್ತದೆ, ಇಲ್ಲಿ 28 ಡಿಗ್ರಿ. ಗೇನ್ ಇಳಿಸಿ ಕೊಡುವ ಲಾಭದ ಮುಂದೆ ಆ ನಷ್ಟ ಸಣ್ಣದು.

ಇನ್ನೂ ಬುದ್ಧಿವಂತ ಕಾಂಪೆನ್ಸೇಟರ್ ಹಾಕಿ ಇದೇ ಯಂತ್ರವನ್ನು ಚುರುಕು ಮಾಡಲಾಗದೇ ಎಂದರೆ, ಒಂದು ಮಿತಿಯ ಆಚೆ ಆಗದು. ಮೊದಲು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬರುವ ವ್ಯವಸ್ಥೆಯನ್ನು ಎಷ್ಟು ಬೇಗ ಹಿಡಿತಕ್ಕೆ ತರಬಹುದು ಎಂಬುದಕ್ಕೆ ನಿಸರ್ಗವೇ ಗೆರೆ ಎಳೆದಿದೆ. ಕಂಪ್ಯೂಟರ್ ಗವರ್ನರ್ ಬಂದರೂ ಆ ಗೆರೆ ಸರಿದಿಲ್ಲ. ಮಿತಿಯನ್ನು ಮೀರಬೇಕಾದರೆ ಗೆರೆಯೆಳೆಯುವುದನ್ನು ಬಿಟ್ಟು ಕಬ್ಬಿಣವನ್ನೇ ಬದಲಿಸಬೇಕು. ಶರಾವತಿ ಜಲವಿದ್ಯುತ್ ಕೇಂದ್ರದಲ್ಲಿ ಇರುವುದು ಅಂಥ ಬೇರೆ ಕಬ್ಬಿಣ. ಅಲ್ಲಿನ ಹತ್ತು ಯೂನಿಟ್‌ಗಳೂ ಪೆಲ್ಟನ್ ಚಕ್ರಗಳು, ತಲಾ 103.5 ಮೆಗಾವ್ಯಾಟ್, ಒಟ್ಟು 1,035. ಪೆಲ್ಟನ್ ಚಕ್ರಕ್ಕೆ ನೀರು ಜೆಟ್ ಆಗಿ ಚಿಮ್ಮಿ ಬಡಿಯುತ್ತದೆ. ಲೋಡ್ ಥಟ್ಟನೆ ಹೋದರೆ ನೀರು ನಿಲ್ಲಿಸುವ ಗೋಜಿಲ್ಲ. ಡಿಫ್ಲೆಕ್ಟರ್ ಎಂಬ ಉಕ್ಕಿನ ಹಾಳೆ ಜೆಟ್‌ಗೆ ಅಡ್ಡ ಬಂದು ನೀರನ್ನು ಚಕ್ರದಿಂದ ಆಚೆ ಹೊರಳಿಸುತ್ತದೆ. ಕೊಳವೆಯೊಳಗಿನ ನೀರಿಗೆ ಏನೂ ಗೊತ್ತೇ ಆಗುವುದಿಲ್ಲ. ನಳಿಕೆಯ ಸೂಜಿ ಆಮೇಲೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಇಲ್ಲಿಯವರೆಗೆ ಒಂಟಿ ಯಂತ್ರದ ಮಾತು. ಇಂದು ಶಿವನಸಮುದ್ರವೂ ಶರಾವತಿಯೂ ಇಡೀ ದೇಶದ ಗ್ರಿಡ್‌ನಲ್ಲಿ ಒಂದೇ ತಾಳಕ್ಕೆ ತಿರುಗುತ್ತಿವೆ. ಅಲ್ಲಿಗೆ ತಲುಪಿದ್ದು ತಡವಾಗಿ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ ಫ್ರೀಕ್ವೆನ್ಸಿ 48ರ ಹತ್ತಿರಕ್ಕೆ ಜಾರಿದ ದಿನಗಳಿದ್ದವು. ಅದು ಅಷ್ಟೊಂದು ಅಲೆದಾಡುತ್ತಿದ್ದುದರಿಂದ ಎಷ್ಟೋ ಕೇಂದ್ರಗಳಲ್ಲಿ ಗವರ್ನರ್‌ಗಳನ್ನು ಕಟ್ಟಿಹಾಕಿಯೇ ಇಡುತ್ತಿದ್ದರು. ಫ್ರೀಕ್ವೆನ್ಸಿಗೆ ತಕ್ಕಂತೆ ದರ ಕಟ್ಟುವ ಎಬಿಟಿ ಪದ್ಧತಿ 2003ರ ಜನವರಿ 1ರಂದು ದಕ್ಷಿಣದಲ್ಲಿ ಜಾರಿಯಾದ ಮೇಲೆ ಶಿಸ್ತು ಬಂತು. ಈಗ ಗ್ರಿಡ್ ಸಂಹಿತೆ ಬಯಸುವುದು 49.90ರಿಂದ 50.05 ಹರ್ಟ್ಸ್‌ನ ಕಿರಿದಾದ ಪಟ್ಟಿ. ಬೆಂಗಳೂರಿನ ದಕ್ಷಿಣ ವಲಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಪರದೆಯಲ್ಲಿ ಆ ಅಂಕಿ ಹಗಲೂ ಇರುಳೂ ಮಿನುಗುತ್ತದೆ. ಶೇ 5 ಡ್ರೂಪ್ ಇರುವ ಶರಾವತಿಯ ಒಂದು ಯೂನಿಟ್, ಫ್ರೀಕ್ವೆನ್ಸಿ 0.1 ಹರ್ಟ್ಸ್ ಇಳಿದರೆ, ಸುಮಾರು ನಾಲ್ಕು ಮೆಗಾವ್ಯಾಟ್ ಹೆಚ್ಚು ಕೊಡಬೇಕೆಂಬುದು ಲೆಕ್ಕ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ಕರ್ನಾಟಕದಲ್ಲಿ ದೀಪ ಆರಲಿಲ್ಲ. ದಕ್ಷಿಣದ ಗ್ರಿಡ್ ಆಗ ತಾಲ್ಚೇರ್‌–ಕೋಲಾರದಂಥ ನೇರ ವಿದ್ಯುತ್ ಕೊಂಡಿಗಳಿಂದ ಮಾತ್ರ ಉಳಿದ ದೇಶಕ್ಕೆ ಅಂಟಿಕೊಂಡಿತ್ತು. ಅದರ ತಾಳವೇ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆಗಿ ಎರಡೂ ಒಂದಾದವು. ದೊಡ್ಡ ಗ್ರಿಡ್ ಗಟ್ಟಿ, ನಿಜ. ಆದರೆ ದೂರದ ಎರಡು ದೊಡ್ಡ ಯಂತ್ರಸಮೂಹಗಳನ್ನು ಒಂದೆರಡು ಲೈನುಗಳಿಂದ ಜೋಡಿಸಿದಾಗ ಹೊಸದೊಂದು ರೋಗಲಕ್ಷಣ ತಲೆದೋರಬಹುದು. ಒಂದು ಕಡೆಯ ಯಂತ್ರಗಳೆಲ್ಲ ಸೇರಿ ಇನ್ನೊಂದು ಕಡೆಯವುಗಳ ವಿರುದ್ಧ ನಿಧಾನವಾಗಿ ಮುಂದೆ ಹಿಂದೆ ಆಡತೊಡಗುತ್ತವೆ, ಹಲವು ಸೆಕೆಂಡಿಗೊಮ್ಮೆ. 1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಭಾಗದ ಗ್ರಿಡ್ ಛಿದ್ರವಾದದ್ದು ಇಂಥ ಅಲುಗಾಟ ತಣಿಯುವ ಬದಲು ಬೆಳೆದದ್ದರಿಂದ.

ವಿಚಿತ್ರವೆಂದರೆ ಈ ಅಲುಗಾಟಕ್ಕೆ ಇಂಬು ಕೊಡುವುದು ಇನ್ನೊಂದು ಒಳ್ಳೆಯ ಫೀಡ್‌ಬ್ಯಾಕ್. ಜನರೇಟರಿನ ವೋಲ್ಟೇಜ್ ಕಾಯುವ ಎವಿಆರ್ ಹೆಚ್ಚು ಚುರುಕಾದಷ್ಟೂ ಅಲುಗಾಟ ತಣಿಯುವ ಗುಣ ಕುಗ್ಗಬಹುದು ಎಂದು ಡಿಮೆಲ್ಲೊ ಮತ್ತು ಕನ್ಕಾರ್ಡಿಯಾ 1969ರಲ್ಲಿ ತೋರಿಸಿಕೊಟ್ಟರು. ಪರಿಹಾರ ಪವರ್ ಸಿಸ್ಟಮ್ ಸ್ಟೆಬಿಲೈಸರ್, ಚಿಕ್ಕದಾಗಿ ಪಿಎಸ್‌ಎಸ್. ಅದು ಯಂತ್ರದ ವೇಗದ ಅಲುಗಾಟವನ್ನು ನೋಡಿ ಎವಿಆರ್‌ಗೆ ಒಂದು ಹೆಚ್ಚುವರಿ ಸಂಕೇತ ಕೊಡುತ್ತದೆ. ತೊಡಕೆಂದರೆ ಎಕ್ಸೈಟರ್, ಜನರೇಟರಿನ ಫೀಲ್ಡ್ ಇವುಗಳನ್ನು ದಾಟುವಷ್ಟರಲ್ಲಿ ಸಂಕೇತ ಹತ್ತಾರು ಡಿಗ್ರಿ ಹಿಂದೆ ಬೀಳುತ್ತದೆ. ಆದ್ದರಿಂದ ಅಷ್ಟೇ ಡಿಗ್ರಿ ಮುಂಚಿತವಾಗಿ ಕಳಿಸಬೇಕು. ಏರಿಳಿತದ ಮಟ್ಟದ ಜೊತೆಗೆ ಅದು ಬದಲಾಗುತ್ತಿರುವ ವೇಗವನ್ನೂ ಬೆರೆಸಿದರೆ ಆ ಮುನ್ನಡೆ ಸಿಗುತ್ತದೆ. ದುಬಾರೆಯ ಗೈಡ್ ಕಣ್ಣಳತೆಯಲ್ಲಿ ಮಾಡುವುದೂ ಅದನ್ನೇ. ಇದು ಲೀಡ್ ಕಾಂಪೆನ್ಸೇಟರ್.

ಲೀಡ್‌ಗೂ ಬೆಲೆ ಇದೆ. ಒಂದು ಹಂತದಲ್ಲಿ 55 ಡಿಗ್ರಿ ಮುನ್ನಡೆ ಬೇಕೆಂದರೆ ಅವಸರದ ಏರಿಳಿತಗಳ ಗೇನ್ ನಿಧಾನದವುಗಳಿಗಿಂತ ಹತ್ತು ಪಟ್ಟಾಗುತ್ತದೆ. ಗದ್ದಲವೂ ಹತ್ತು ಪಟ್ಟು. ಅದಕ್ಕೇ ಹೆಚ್ಚು ಮುನ್ನಡೆ ಬೇಕಾದಲ್ಲಿ ಎರಡು ಹಂತಗಳಲ್ಲಿ ಹಂಚಿ ಕೊಡುತ್ತಾರೆ. ಇನ್ನು ನೀರಿನ ಗವರ್ನರ್‌ಗೆ ಲೀಡ್ ಹಾಕಿದರೆ ಏನಾದೀತು? ಅಪಾಯದ ಜಾಗದಲ್ಲೇ ಗೇನ್ ಏರಿ ಹಂಟಿಂಗ್ ಇನ್ನೂ ಜೋರಾದೀತು. ಒಂದೇ ಟರ್ಬೈನ್‌–ಜನರೇಟರ್ ಜೋಡಿಯ ನೀರಿನ ಬದಿಗೆ ಲ್ಯಾಗ್, ವಿದ್ಯುತ್ತಿನ ಬದಿಗೆ ಲೀಡ್. ಈ ವಿಷಯಕ್ಕೆ ದೇಶದ ವಿದ್ಯಾರ್ಥಿಗಳು ನೆಚ್ಚಿಕೊಂಡಿರುವ ಪುಸ್ತಕಗಳಲ್ಲೊಂದನ್ನು ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಆರ್. ಪಡಿಯಾರ್.

ಬೆಂಗಳೂರಿನಲ್ಲಿ ಇದೇ ಗೆರೆಗಳ ಮೇಲೆ ಜೀವವನ್ನೇ ಪಣಕ್ಕಿಟ್ಟ ಇನ್ನೊಂದು ಕಥೆಯೂ ಇದೆ. ತೇಜಸ್ ವಿಮಾನವನ್ನು ಚುರುಕಾಗಲೆಂದು ಬೇಕೆಂತಲೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಕಂಪ್ಯೂಟರ್ ಬಿಟ್ಟರೆ ಅದು ನೇರವಾಗಿ ಹಾರಲಾರದು. 1992ರಲ್ಲಿ ಎನ್‌ಎಎಲ್‌ನಲ್ಲಿ ಆ ಕಂಪ್ಯೂಟರಿನ ಹಿಡಿತದ ಸೂತ್ರಗಳನ್ನು ಬರೆಯುವ ಕಂಟ್ರೋಲ್ ಲಾ ತಂಡ ಕಟ್ಟಿದರು. 1998ರ ಅಣುಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿ, ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರರನ್ನು ವಾಪಸ್ ಕಳಿಸಿತು. ಉಳಿದ ಕೆಲಸ ಇಲ್ಲೇ ಮುಗಿಯಬೇಕಾಯಿತು. ಇಂಥ ವಿಮಾನಗಳಿಗೆ ವಾಡಿಕೆಯ ಅಳತೆ 6 ಡೆಸಿಬಲ್ ಗೇನ್ ಮಾರ್ಜಿನ್, 45 ಡಿಗ್ರಿ ಫೇಸ್ ಮಾರ್ಜಿನ್; 6 ಡೆಸಿಬಲ್ ಎಂದರೆ ಎರಡು ಪಟ್ಟು. ಅದರಲ್ಲಿ ಪೈಲಟ್‌ನ ಕೈಯ ತಡವೂ ಸೇರಿಕೊಂಡರೆ ಏನಾಗುತ್ತದೆಂದು 1989ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಗ್ರಿಪೆನ್ ಮೂಲಮಾದರಿ ಇಳಿಯುವಾಗ ಹೊಯ್ದಾಡಿ ಅಪ್ಪಳಿಸಿ ತೋರಿಸಿತ್ತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ರನ್‌ವೇಯಿಂದ ಮೊದಲ ತೇಜಸ್ಸನ್ನು ಮೇಲಕ್ಕೆತ್ತಿ ಸುರಕ್ಷಿತವಾಗಿ ಇಳಿಸಿದರು.

ವಿಮಾನ ಬಿಟ್ಟು ಮತ್ತೆ ನೀರಿಗೆ ಬಂದರೆ, ಕರ್ನಾಟಕದ ಗ್ರಿಡ್‌ಗೆ ಈಗ ಎದುರಾಗಿರುವ ಪ್ರಶ್ನೆ ಬಿಸಿಲಿನದು. ಪಾವಗಡದ ಸೋಲಾರ್ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಸೋಲಾರ್ ಫಲಕದಲ್ಲಿ ತಿರುಗುವ ಉಕ್ಕಿಲ್ಲ, ಹಾಗಾಗಿ ಜಡತ್ವವೂ ಇಲ್ಲ. ಮಧ್ಯಾಹ್ನ ಬಿಸಿಲಿನ ವಿದ್ಯುತ್ತು ಹೆಚ್ಚಾಗಿ ಉಷ್ಣ ಸ್ಥಾವರಗಳು ತಗ್ಗಿದಷ್ಟೂ ಗ್ರಿಡ್‌ನಲ್ಲಿ ತಿರುಗುವ ಭಾರ ಹಗುರವಾಗುತ್ತದೆ. ನಮ್ಮ ಒಂಟಿ ಯಂತ್ರದ ಲೆಕ್ಕದಲ್ಲಿ ಜಡತ್ವದ ಕಾಲವನ್ನು 10 ಸೆಕೆಂಡಿನಿಂದ ಐದಕ್ಕೆ ಇಳಿಸಿದರೆ ಎಲ್ಲ ಕಡೆಯೂ ಗೇನ್ ಇಮ್ಮಡಿಸುತ್ತದೆ, 3.6 ಪಟ್ಟು ಇದ್ದ ಮಾರ್ಜಿನ್ 1.8ಕ್ಕೆ ಕುಸಿಯುತ್ತದೆ. ಮೊದಲಿನ ನೆಮ್ಮದಿ ಬೇಕೆಂದರೆ ತಾತ್ಕಾಲಿಕ ಡ್ರೂಪನ್ನು ಶೇ 80ಕ್ಕೆ ಏರಿಸಬೇಕು, ಅಂದರೆ ಗವರ್ನರನ್ನು ಇನ್ನಷ್ಟು ಮಂದ ಮಾಡಬೇಕು. ಹಗುರವಾದ ಗ್ರಿಡ್‌ನಲ್ಲಿ ಫ್ರೀಕ್ವೆನ್ಸಿ ಬೇಗ ಕುಸಿಯುತ್ತದೆ, ಅದನ್ನು ಹಿಡಿಯಬೇಕಾದ ಜಲವಿದ್ಯುತ್ ಯಂತ್ರವೇ ನಿಧಾನವಾಗಿರಬೇಕು. ಆ ನಡುವಿನ ಮೊದಲ ಒಂದೆರಡು ಸೆಕೆಂಡುಗಳನ್ನು ನೋಡಿಕೊಳ್ಳಲು ಬ್ಯಾಟರಿ ಮತ್ತು ಇನ್ವರ್ಟರ್‌ಗಳನ್ನು ಹೂಡುತ್ತಿದ್ದಾರೆ. ಅವುಗಳೊಳಗೆ 940 ಟನ್ ನೀರಿಲ್ಲ, ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಚಟವೂ ಇಲ್ಲ; ಆದರೆ ಫ್ರೀಕ್ವೆನ್ಸಿ ಅಳೆಯಲು ಅವಕ್ಕೂ ಒಂದಿಷ್ಟು ಮಿಲಿಸೆಕೆಂಡ್ ಬೇಕು, ಆ ತಡಕ್ಕೂ ಬೋಡೆ ನಕ್ಷೆಯಲ್ಲಿ ಡಿಗ್ರಿಗಳ ಲೆಕ್ಕ ಬರೆಯಲೇಬೇಕು.